ಒಂದ ಮನಿ, ಎರಡ ಒಲಿ

ಕಂಪ್ಯೂಟರ್ ಅಂದ್ರ ವಿಂಡೋಸ್, ವಿಂಡೋಸ್ ಅಂದ್ರ ಕಂಪ್ಯೂಟರ್ ಅಂತ ನಾವೆಲ್ಲಾ ತಿಳಕೊಂಡ ಕೂತೀವಿ. ಅದರಾಗ ಆಶ್ಚರ್ಯ ಏನಿಲ್ಲ. ಅಂಗಡಿಯಿಂದ ತರೂವಾಗನ ಅದು ಒಳಗ ಕೂತು ಬಂದಿರ್ತದ. ಮದಿವಿಯಾಗಿ ಬಂದ ಮನ್ಯಾಗ ಒಲಿ ಯಾಕ ಈ ಮೂಲ್ಯಾಗ ಹೂಡೀರಿ ಅಂತ ಯಾರರೆ ಕೇಳ್ತೀವೇನ್ರಿ? ಇದ್ದಲ್ಲೇ ಕೂತು ರೊಟ್ಟಿ ಬಡೀತೀವಿ. ಆದ್ರ ಕಂಪ್ಯೂಟರ್ ಅನ್ನೂದು ಬರೇ ಮನಿ, ಕಟ್ಟಡ. ಅದನ್ನ ನಡಸೂ ಯಜಮಾನಿ ಬ್ಯಾರೆ ಇರ್ತಾಳ. ಆಕಿಗೆ ಆಪರೇಟಿಂಗ್ ಸಿಸ್ಟಮ್ ಅಂತಾರ. ವಿಂಡೋಸ್ ಅಂಥಾ ಒಬ್ಬಾಕಿ ಯಜಮಾನಿ. ಲಿನಕ್ಸ್ ಅಂತ ಇನ್ನೊಬ್ಬಾಕಿ ಇದ್ದಾಳ. ಒಂದ ಮನ್ಯಾಗ ಇಬ್ಬರನ್ನೂ ಇಟಗೊಂಡು ಎರಡ ಒಲಿ ಮಾಡಬಹುದು. ನಮ್ಮ ಮನ್ಯಾಗ ಈಗ ಹಂಗ ಆಗೇದ. ನೆಗೆಣ್ಣಿ, ಬಾಜೂಮನಿ ಕಾಕು, ಹುಬ್ಬಳ್ಳಿ ವೈನಿ ಎಲ್ಲಾರೂ ಕೇಳಿ ಕೇಳಿ ಇಡ್ಲಿಕತ್ತಾರ, ಅದಕ್ಕ ಒಮ್ಮೆ ಕೂತು ಎಲ್ಲಾ ಬರದಬಿಡ್ತೀನಿ.

ನಮ್ಮದು 2014ರಾಗ ತಂದ ಕಂಪ್ಯೂಟರ್. ಇಂಟೆಲ್ ಐ3, ನಾಲ್ಕನೇ ಪೀಳಿಗಿದು. 4 ಜಿಬಿ ರ‍್ಯಾಮ್, 500 ಜಿಬಿ ಡಿಸ್ಕ್. ಪಡಸಾಲ್ಯಾಗ ಟಿವಿ ಬಾಜೂಕ, ನಾ ಹೆಣದ ಕ್ರೋಶೆ ಮುಸುಕು ಹೊದ್ದು ಕೂತಿರ್ತದ, ನೀವೆಲ್ಲಾ ನೋಡೀರಿ. ವಿಂಡೋಸ್ 10ಕ್ಕ ಸುರಕ್ಷತಾ ಅಪ್‌ಡೇಟ್ ಕೊಡೂದು 14 ಅಕ್ಟೋಬರ್ 2025ಕ್ಕ ಮುಗೀತು. ಬೇಕಾದವರು ಹೆಸರು ಹಚ್ಚಿದ್ರ ಅಕ್ಟೋಬರ್ 2026ರ ತನಕ ಇನ್ನೊಂದು ವರ್ಷ ಮುದ್ದತು ಅದ, ಅಷ್ಟ. ವಿಂಡೋಸ್ 11ಕ್ಕ ಹೋಗಬೇಕಂದ್ರ ಟಿಪಿಎಂ 2.0 ಅಂತ ಒಂದು ಸುರಕ್ಷತಾ ಚಿಪ್ ಇರಬೇಕು, ಇಂಟೆಲ್ ಪ್ರೊಸೆಸರ್ ಆದ್ರ ಹೆಚ್ಚುಕಮ್ಮಿ ಎಂಟನೇ ಪೀಳಿಗಿ ಇಲ್ಲಾ ಅದರ ಮುಂದಿಂದು ಆಗಿರಬೇಕು. ನಮ್ಮದು ನಾಲ್ಕನೇದು. ಲೆಕ್ಕ ಅಲ್ಲಿಗೇ ಮುಗೀತು.

ರಿಪೇರಿ ಮಾಡೂ ಹುಡುಗ ಬಂದು ನೋಡಿದ. "ಅಕ್ಕಾರ, ಇದನ್ನ ಗುಜರಿಗೆ ಹಾಕಿಬಿಡ್ರಿ. ನಲವತ್ತೆರಡು ಸಾವಿರಕ್ಕ ಛಲೋ ಲ್ಯಾಪ್‌ಟಾಪ್ ಕೊಡಸ್ತೀನಿ" ಅಂದ. ನಮ್ಮನಿಯವರು ತಲಿ ಅಲ್ಲಾಡಿಸಿ "ಹೂಂ, ತರೋಣಂತ" ಅಂದ್ರು. ನಾ ಒಳಗಿಂದನ "ರೀ, ಸ್ವಲ್ಪ ತಡೀರಿ" ಅಂದೆ. ಮಗಳಿಗೆ ಏಳನೇ ತಿಂಗಳು, ಬಾಣಂತನ ಮುಂದ ಅದ. ನಲವತ್ತೆರಡು ಸಾವಿರ ಅಂದ್ರ ಸಣ್ಣ ಮಾತೇನ್ರಿ? ಆದ್ರ ರೊಕ್ಕಾ ಒಂದ ಕಾರಣ ಅಲ್ಲ.

ಆ ಡಬ್ಬಿಯೊಳಗ ನಮ್ಮ ಅತ್ತಿಯವರ ಹಾಡು ಅವ. ಅವರು ಹೋಗಿದ್ದು 2017ರಾಗ. ಅದಕ್ಕಿಂತ ಮುಂಚೆ ಮೂರು ವರ್ಷ, ಮಧ್ಯಾಹ್ನ ಊಟಾ ಆಗಿ ಭಾಂಡೆ ತಿಕ್ಕಿಟ್ಟ ಮ್ಯಾಲೆ, ಅವರು ಹೇಳೂದು, ನಾ ಟೈಪ್ ಮಾಡೂದು. ಬೀಸೂಕಲ್ಲಿನ ಹಾಡು, ತೊಟ್ಟಲ ಹಾಡು, ಸೋಬಾನ, ಗೌರಿ ಹಾಡು, ಬೀಗರನ್ನ ಚ್ಯಾಷ್ಟಿ ಮಾಡೂ ಹಾಡು. ಒಟ್ಟು 93. ಅತ್ತಿಯವರಿಗೆ ಓದು ಬರ್ತಿರ್ಲಿಲ್ಲ. ಪರದೆ ಕಡೆ ಬೆಟ್ಟು ಮಾಡಿ "ಇದು ನಾ ಈಗ ಅಂದದ್ದ ಏನವಾ?" ಅಂತ ಕೇಳ್ತಿದ್ರು. ಓದಿ ತೋರಿಸಿದ್ರ "ಒಂದು ಸೊಲ್ಲು ನುಂಗೀದಿ ನೋಡು" ಅಂತ ತಪ್ಪದ ಹಿಡೀತಿದ್ರು. ಅಂಥಾ ನೆನಪಿನ ಶಕ್ತಿ.

ಇವನ್ನೆಲ್ಲಾ ನಾ ಟೈಪ್ ಮಾಡಿದ್ದು ನುಡಿಯೊಳಗ. ಆವಾಗ ಕಚೇರಿ, ಡಿಟಿಪಿ ಅಂಗಡಿ, ಸಾಲಿ ಎಲ್ಲಾ ಕಡೆ ಅದ ನಡೀತಿತ್ತು. ಆದ್ರ ಆ ಹಳೇ ನುಡಿ ಅಕ್ಷರದ ಕಥಿ ನಿಮಗ ಗೊತ್ತಿರಬೇಕು. ಅದು ಕನ್ನಡ ಕಾಣ್ತದ, ಆದ್ರ ಒಳಗ ಕನ್ನಡ ಅಲ್ಲ. ಒಳಗ ಇರೂದು ಇಂಗ್ಲಿಷ್ ಅಕ್ಷರದ ಜಾಗಾ. ಆ ಜಾಗಾದ ಮ್ಯಾಲೆ ಕನ್ನಡದ ಚಿತ್ರಾ ಅಂಟಿಸಿರ್ತಾರ. ಆ ಫಾಂಟ್ ಇದ್ದ ಮನ್ಯಾಗ ಕನ್ನಡ, ಇಲ್ಲದಿದ್ರ ಬರೇ ಗಿಜಿಬಿಜಿ. ಪುಣೆದಾಗ ಮಗಳು ತನ್ನ ಲ್ಯಾಪ್‌ಟಾಪಿನ್ಯಾಗ ತಗದು ನೋಡಿ ಫೋನ್ ಹಚ್ಚಿದ್ಲು. "ಅವ್ವಾ, ಅಜ್ಜಿ ಹಾಡಿನ ತುಂಬ ಪೌಂಡಿನ ಗುರ್ತs ಅವ ನೋಡು" ಅಂದ್ಲು. ಖರೇನ ಅದು. ಹಳೇ ನುಡಿಯೊಳಗ 'ನ' ಅಕ್ಷರ ಇಂಗ್ಲೆಂಡಿನ ಪೌಂಡಿನ ಚಿಹ್ನೆ ಮ್ಯಾಲೆ ಕೂತಿರ್ತದ. ನೀನು, ನಾನು, ನನ್ನವ್ವ ಅಂತ ಬಂದಲ್ಲೆಲ್ಲಾ ಬ್ರಿಟಿಷ್ ರೊಕ್ಕಾ. ಅತ್ತಿಯವರು ಇದ್ದಿದ್ರ ಹೊಟ್ಟಿ ಹಿಡಕೊಂಡು ನಗ್ತಿದ್ರು.

ಹಾಡು ಕಾಪಿ ಮಾಡಕೊಂಡು ಡಬ್ಬಿ ಗುಜರಿಗೆ ಕೊಟ್ರ ಕೆಲಸ ಮುಗಿಯಂಗಿಲ್ಲ, ತಿಳೀತಲ್ಲ? ಹಳೇ ನುಡಿ ಇರೂ ಯಜಮಾನಿನೂ ಉಳೀಬೇಕು, ಬ್ಯಾಂಕು, ಇಂಟರ್ನೆಟ್ಟಿಗೆ ಭದ್ರ ಇರೂ ಇನ್ನೊಬ್ಬಾಕಿನೂ ಬೇಕು. ಅದೂ ಕೈಯಾಗಿನ ರೊಕ್ಕಾ ಬಿಚ್ಚದ. "ಹಂಗಿದ್ರ ಲಿನಕ್ಸ್ ಬಾಜೂಕ ಹಾಕೋಣು" ಅಂದ್ಲು ಮಗಳು.

ಲಿನಕ್ಸ್ ಅಂದ್ರ ಏನೋ ದೊಡ್ಡ ದೊಡ್ಡ ಎಂಜಿನಿಯರ್ ಮಂದಿದು ಅಂತ ಅಂಜಬ್ಯಾಡ್ರಿ. ನಿಮ್ಮ ಕೈಯಾಗಿನ ಆಂಡ್ರಾಯ್ಡ್ ಫೋನಿನ ತಳದಾಗ ಇರೂದೂ ಲಿನಕ್ಸ್ ಕರ್ನಲ್. ದಿನಾ ಅದರ ಮ್ಯಾಲೇ ನೀವು ರಂಗೋಲಿ ವಿಡಿಯೋ ನೋಡ್ತೀರಿ. ಫಿನ್ಲೆಂಡ್ ದೇಶದ ಹೆಲ್ಸಿಂಕಿಯೊಳಗ ಲಿನಸ್ ಟೋರ್ವಾಲ್ಡ್ಸ್ ಅನ್ನೂ 21 ವರ್ಷದ ಕಾಲೇಜು ಹುಡುಗ 1991ರಾಗ ಅದನ್ನ ಶುರು ಮಾಡಿದ. ಅದಕ್ಕೂ ಮುಂಚೆ, 1983ರಾಗ, ಅಮೆರಿಕಾದ ರಿಚರ್ಡ್ ಸ್ಟಾಲ್‌ಮನ್ ಅನ್ನವರು ಗ್ನೂ ಅಂತ ಒಂದು ಕೆಲಸ ಸಾರಿದ್ರು. ಎರಡೂ ಕೂಡೇನ ಈಗಿನ ಲಿನಕ್ಸ್ ಆಗೇದ. ಇದರ ಕಾಯ್ದೆ ನನಗ ಭಾಳ ಸೇರಿತು. ಅಡಿಗಿ ಅಷ್ಟ ಅಲ್ಲ, ಅಡಿಗಿ ಮಾಡೂ ರೀತಿನೂ ಕೊಡಬೇಕು. ನೀವು ತಗೊಂಡು ಉಪ್ಪು ಖಾರಾ ಹೆಚ್ಚುಕಮ್ಮಿ ಮಾಡಕೊಬಹುದು. ಆದ್ರ ಬದಲಿ ಮಾಡಿದ್ದನ್ನ ಮುಂದ ಹಂಚಿದ್ರ ಅದರ ರೀತಿನೂ ಮುಚ್ಚಿಡದ ಕೊಡಬೇಕು. ನಮ್ಮ ಓಣ್ಯಾಗ ಒಬ್ಬರು ಇದ್ರು, ಮಸಾಲಿ ಖಾರದ ಪ್ರಮಾಣ ಕೇಳಿದ್ರ ಒಂದು ಸಾಮಾನು ಬಿಟ್ಟs ಹೇಳ್ತಿದ್ರು. ಇಲ್ಲಿ ಅಂಥಾದ್ದು ನಡಿಯಂಗಿಲ್ಲ.

ಲಿನಕ್ಸಿನ್ಯಾಗೂ ಹತ್ತಾರು ನಮೂನಿ ಅವ. ಉಬುಂಟು, ಡೆಬಿಯನ್, ಫೆಡೋರಾ. ನಮ್ಮ ಸಿ-ಡ್ಯಾಕ್‌ನವರು ಮಾಡಿದ್ದು ಬಾಸ್ ಅಂತ ಒಂದದ. ಕೇರಳದ ಸರ್ಕಾರಿ ಸಾಲ್ಯಾಗ ಹುಡುಗರು ಕಲಿಯೂದೂ ಲಿನಕ್ಸ್ ಮ್ಯಾಲೇ. ನಾವು ಆರಿಸಿದ್ದು ಲಿನಕ್ಸ್ ಮಿಂಟ್. ಮಿಂಟ್ ಅಂದ್ರ ಪುದೀನಾ! ಅದರ ಮುಖ್ಯ ನಮೂನಿ ಹೆಸರು ಸಿನಮನ್, ಅಂದ್ರ ದಾಲ್ಚಿನ್ನಿ. ನಾ ಮಗಳಿಗೆ "ಪಲಾವ್ ಮಾಡ್ಲಿಕತ್ತೇವೇನ?" ಅಂದೆ. ಇನ್ನೊಂದು ಮಜಾ ಕೇಳ್ರಿ. ಈ ಪುದೀನಾದ ಪ್ರತಿ ಆವೃತ್ತಿಗೂ ಹೆಣ್ಣುಮಕ್ಕಳ ಹೆಸರು ಇಡ್ತಾರ. 2006ರಾಗ ಬಂದ ಮೊದಲನೇದಕ್ಕ ಏಡಾ. 22ನೇದಕ್ಕ ವಿಲ್ಮಾ, 22.1ಕ್ಕ ಶಿಯಾ, 22.2ಕ್ಕ ಝಾರಾ. ನಮ್ಮ ಮನಿಗೆ ಬಂದಾಕಿ ಝಾರಾ. 4 ಜಿಬಿಗೆ ದಾಲ್ಚಿನ್ನಿನೂ ನಡೀತದ, ಆದ್ರ ನಮ್ಮದು ವಯಸ್ಸಾದ ಯಂತ್ರ ಅಂತ ಎಕ್ಸ್‌ಎಫ್‌ಸಿಇ ಅನ್ನೂ ಹಗುರಾದ ನಮೂನಿ ತಗೊಂಡ್ವಿ. ಕಿಮ್ಮತ್ತು ಸೊನ್ನಿ. ಖರ್ಚು ಆಗಿದ್ದು ಒಂದು 8 ಜಿಬಿ ಪೆನ್ ಡ್ರೈವಿಂದು ಅಷ್ಟ.

ಎಲ್ಲಾಕ್ಕಿಂತ ಛಲೋ ಸಂಗತಿ ಏನಂದ್ರ, ಹಾಕ್ಕೊಳ್ಳೂ ಮುಂಚೆ ರುಚಿ ನೋಡಬಹುದು. ಇಂಟರ್ನೆಟ್ಟಿನಿಂದ ಸುಮಾರು 3 ಜಿಬಿ ಕಡತ ಇಳಿಸಿ ಪೆನ್ ಡ್ರೈವಿಗೆ ಹಾಕ್ತಾರ. ಬರೇ ಕಾಪಿ ಮಾಡಿದ್ರ ಆಗಂಗಿಲ್ಲ, ಅದಕ್ಕಂತನ ಎಚ್ಚರ್, ರೂಫಸ್ ಅಂತ ಸಣ್ಣ ತಂತ್ರಾಂಶ ಅವ. ಆಮ್ಯಾಲೆ ಅದನ್ನ ಚುಚ್ಚಿ ಕಂಪ್ಯೂಟರ್ ಚಾಲೂ ಮಾಡೂವಾಗ ಎಫ್12 ಒತ್ತಬೇಕು. ಕೆಲವು ಕಂಪನಿದು ಎಸ್ಕೇಪ್ ಇರ್ತದ, ಕೆಲವದು ಎಫ್9. ಪೆನ್ ಡ್ರೈವಿನಿಂದನ ಇಡೀ ಲಿನಕ್ಸ್ ಎದ್ದು ಕೂಡ್ತದ, ಒಳಗಿನ ಡಿಸ್ಕ್ ಮುಟ್ಟಂಗಿಲ್ಲ. ಎಂಟು ದಿನ ನಾ ಹಂಗ ನೋಡಿದೆ. ವೈಫೈ ಹತ್ತಿತು, ದನಿ ಬಂತು, ಯೂಟ್ಯೂಬ್ ಓಡ್ತು, ರೇಲ್ವೆ ತಿಕೀಟಿನ ವೆಬ್‌ಸೈಟ್ ತಗೀತು. ಪ್ರಿಂಟರ್ ಮಾತ್ರ ಮಾರಿ ತಿರಿವಿ ಕೂತಿತು. ಅದರ ಮಾತು ಮುಂದ ಹೇಳ್ತೀನಿ.

ಆಮ್ಯಾಲೆ ಪಾಲು ಮಾಡೂ ದಿನ. ಅದಕ್ಕೂ ಮೊದಲ ಹಾಡಿನ ಫೋಲ್ಡರ್ ಎರಡು ಪೆನ್ ಡ್ರೈವಿಗೆ ಕಾಪಿ ಮಾಡಿ ಒಂದು ತಿಜೋರ್ಯಾಗ ಇಟ್ಟೆ, ಇನ್ನೊಂದು ನೆಗೆಣ್ಣಿ ಕೈಯಾಗ ಕೊಟ್ಟೆ. ಎರಡೂ ಒಂದ ಮನ್ಯಾಗ ಇಡಬಾರದು, ಇದನ್ನ ಯಾರೂ ನನಗ ಹೇಳಿ ಕೊಡಬೇಕಾಗಿಲ್ಲ. ಹೆಂಗಸರು ಬಂಗಾರಾನೂ ಹಂಗ ಇಡ್ತೀವಿ. ಮೊದಲ ವಿಂಡೋಸಿನ ಒಳಗ ಹೋಗಿ ಡಿಸ್ಕ್ ಮ್ಯಾನೇಜ್‌ಮೆಂಟಿನ್ಯಾಗ ಅಕಿ ಜಾಗಾ ಕುಗ್ಗಿಸಿ 120 ಜಿಬಿ ಖಾಲಿ ಮಾಡಿದ್ವಿ. ನಡುವ ಗ್ವಾಡಿ ಕಟ್ಟಿದಂಗ ಅಂತ ತಿಳಕೊಳ್ರಿ.

ಈಗ ನಾ ಹೇಳೂದನ್ನ ಲಕ್ಷ್ಯ ಕೊಟ್ಟು ಓದ್ರಿ. ಲಿನಕ್ಸ್ ಹಾಕೂವಾಗ ಒಂದು ಕಡೆ ಬಂದು ಅದು ಕೇಳ್ತದ. ವಿಂಡೋಸಿನ ಬಾಜೂಕ ಕೂಡ್ಲೇನ? ಇಲ್ಲಾ ಡಿಸ್ಕ್ ಪೂರ್ತಿ ಅಳಿಸಿ ನಾ ಒಬ್ಬಾಕಿನ ಕೂಡ್ಲೇನ? ಎರಡೂ ಒಂದರ ಕೆಳಗ ಒಂದು ಇರ್ತಾವ, ನಡುವ ಒಂದು ಬೆರಳಿನ ಅಂತರ. ಎರಡನೇದು ಒತ್ತಿ ಮುಂದ ಹೋದ್ರ ಮುಗೀತು. ಹಳೇ ಒಲಿ, ಭಾಂಡೆ, ಕಾಳಿನ ಡಬ್ಬಿ ಎಲ್ಲಾ ಸಾಫ್. ನಾ ಅಲ್ಲಿಗೆ ಬಂದು ಕೈ ತಗದೆ. ತಿಜೋರ್ಯಾಗ ಕಾಪಿ ಇತ್ತು, ನೆಗೆಣ್ಣಿ ಹತ್ರನೂ ಇತ್ತು, ಆದ್ರೂ ಎದಿ ಡಬಡಬ ಅಂತು. ಫೋನಿನ್ಯಾಗ ಮಗಳಿಗೆ ಎರಡೂ ಸಾಲು ಅಕ್ಷರ ಅಕ್ಷರ ಬಿಡಿಸಿ ಓದಿ ಹೇಳಿದೆ. "ಮೊದಲನೇದು ಅವ್ವಾ, ಬಾಜೂಕ ಅನ್ನೂದು" ಅಂದ್ಲು. ಕನ್ನಡಕಾ ಒರಿಸಿ ಇನ್ನೊಮ್ಮೆ ಓದಿ ಒತ್ತಿದೆ. ಅರ್ಧಾ ತಾಸು ಹಿಡೀತು. ಅಷ್ಟರಾಗ ನಮ್ಮನಿಯವರು ನಾಲ್ಕು ಸಲ ಬಂದು ಇಣಕಿ "ಆತೇನ, ಆತೇನ" ಅಂತ ಕೇಳಿ ಹೋದ್ರು. ನನಗಿಂತ ಅವರಿಗೇ ಕಾಳಜಿ, ಅವರವ್ವನ ಹಾಡಲ್ಲೇನ್ರಿ.

ಈಗ ಕಂಪ್ಯೂಟರ್ ಚಾಲೂ ಮಾಡಿದ್ರ ಕರೇ ಪರದೆ ಮ್ಯಾಲೆ ಒಂದು ಪಟ್ಟಿ ಬರ್ತದ, ಲಿನಕ್ಸ್ ಮಿಂಟ್ ಇಲ್ಲಾ ವಿಂಡೋಸ್. ಹತ್ತು ಸೆಕೆಂಡ್ ಕಾಯ್ತದ. ನೀವು ಏನೂ ಹೇಳದಿದ್ರ ಪುದೀನಾಕ್ಕ ಹೋಗ್ತದ.

ಇಬ್ಬರು ಒಂದ ಮನ್ಯಾಗ ಅಂದ ಮ್ಯಾಲೆ ತಕರಾರು ಇಲ್ಲದ ಇರ್ತಾವೇನು? ಮೊದಲನೇ ತಕರಾರು ಗಡಿಯಾರದ ಮ್ಯಾಲೆ. ಒಂದು ದಿನ ಸಂಜಿ ಆರಕ್ಕ ದೀಪಾ ಹಚ್ಚಿ ಬಂದು ವಿಂಡೋಸ್ ತಗದ್ರ ಅದರಾಗ ಮಧ್ಯಾಹ್ನ ಹನ್ನೆರಡೂವರಿ! ಲೆಕ್ಕ ಹಾಕಿ ನೋಡ್ರಿ, ಸರಿಯಾಗಿ ಐದೂವರಿ ತಾಸು ಹಿಂದ. ಕಾರಣ ಏನಂದ್ರ, ಮದರ್‌ಬೋರ್ಡಿನ್ಯಾಗ ಬ್ಯಾಟರಿ ಮ್ಯಾಲೆ ನಡಿಯೂ ಒಂದs ಗಡಿಯಾರ ಇರ್ತದ. ವಿಂಡೋಸ್ ಅದರಾಗ ನಮ್ಮ ಊರಿನ ವ್ಯಾಳ್ಯಾ ಇಡ್ತದ. ಲಿನಕ್ಸ್ ಅದರಾಗ ಗ್ರೀನಿಚ್ ಹಿಡಿದು ಎಣಿಸೂ ಜಗತ್ತಿನ ವ್ಯಾಳ್ಯಾ ಇಟ್ಟು, ನಮಗ ತೋರಸೂವಾಗ ಐದೂವರಿ ತಾಸು ಕೂಡಿಸಿ ತೋರಸ್ತದ. ಈಕಿ ತಿರಿವಿಟ್ಟ ಗಡಿಯಾರಾನ ಅಕಿ ಬಂದು ಹಂಗs ಓದ್ತಾಳ. ಇಬ್ಬರೂ ತಮ್ಮ ತಮ್ಮ ಕಡೆ ಖರೇನ, ಆದ್ರ ಒಂದು ಗ್ವಾಡಿ ಗಡಿಯಾರಕ್ಕ ಎರಡು ರೂಢಿ ನಡಿಯಂಗಿಲ್ಲ. ಲಿನಕ್ಸಿಗೆ "ಇಲ್ಲಿ ಊರಿನ ವ್ಯಾಳ್ಯಾನ ಇಡವಾ" ಅಂತ ಒಂದು ಸಾಲಿನ ಆಜ್ಞೆ ಕೊಟ್ವಿ, ಸರಿ ಹೋತು. ಹೊಸದಾಗಿ ಬಂದಾಕಿ ಹೊಂದಿಕೊಂಡ್ಲು, ಯಾವಾಗಲೂ ಹಂಗಲ್ಲೇನ.

ಎರಡನೇದು ಚಿಲಕದ ತಕರಾರು. ಲಿನಕ್ಸಿನ ಕಡೆಯಿಂದ ವಿಂಡೋಸಿನ ಖೋಲಿಗೆ ಹೋಗಿ ಸಾಮಾನು ತರಬಹುದು, ಇಡಬಹುದು. ವಿಂಡೋಸಿಗೆ ಮಾತ್ರ ಲಿನಕ್ಸಿನ ಖೋಲಿ ತಾನಾಗಿ ತಗಿಲಿಕ್ಕೆ ಬರಂಗಿಲ್ಲ. ಇರ್ಲಿ. ಆದ್ರ ಒಂದು ದಿನ ಹಾಡಿನ ಫೋಲ್ಡರಿನ್ಯಾಗ ಹೊಸಾ ಕಡತ ಇಡ್ಲಿಕ್ಕೆ ಹೋದ್ರ "ಬರೇ ಓದಬಹುದು, ಬರಿಯಂಗಿಲ್ಲ" ಅಂತು. ವಿಂಡೋಸಿನ್ಯಾಗ ಫಾಸ್ಟ್ ಸ್ಟಾರ್ಟಪ್ ಅಂತ ಒಂದದ. ಅದು ಚಾಲೂ ಇದ್ರ ನೀವು ಬಂದ್ ಮಾಡಿದ್ರೂ ಅಕಿ ಪೂರ್ತಿ ಮನಿ ಬಿಟ್ಟು ಹೋಗಂಗಿಲ್ಲ, ಒಳಗಿಂದ ಚಿಲಕಾ ಹಾಕ್ಕೊಂಡು ಅರ್ಧಾ ನಿದ್ದಿ ಮಾಡ್ತಾಳ, ನಾಳೆ ಲಗೂನ ಏಳ್ಲಿಕ್ಕೆ. ಆವಾಗ ಕಿಡಕ್ಯಾಗಿಂದ ನೋಡಬಹುದು, ಕೈ ಹಾಕಬಾರದು. ಎರಡ ಒಲಿ ಇದ್ದವರು ಇದನ್ನ ಕಂಟ್ರೋಲ್ ಪ್ಯಾನೆಲಿನ ಪವರ್ ಆಪ್ಷನ್ಸಿನ್ಯಾಗ ಹೋಗಿ ಬಂದ್ ಮಾಡಬೇಕು.

ಈಗ ಯಾರಿಗೆ ಬ್ಯಾಡ ಅಂತ ಹೇಳಿಬಿಡ್ತೀನಿ, ಆಮ್ಯಾಲೆ ನನಗ ಬೈಬ್ಯಾಡ್ರಿ. ಹುಬ್ಬಳ್ಳಿ ವೈನಿ, ನಿಮಗ ಬ್ಯಾಡ. ಅಣ್ಣನ ಟ್ಯಾಲಿ ವಿಂಡೋಸಿನ ಮ್ಯಾಲೇನ ನಡಿಯೂದು. ಮಕ್ಕಳು ಆಟೋಕ್ಯಾಡ್ ಕಲೀತಾರ ಅನ್ನವರಿಗೂ ಬ್ಯಾಡ. ಕ್ಯಾಮೆರಾ ಹಚ್ಚಿ ಪರೀಕ್ಷಾ ಬರಸೂ ಕೆಲವು ತಂತ್ರಾಂಶನೂ ವಿಂಡೋಸs ಕೇಳ್ತಾವ. ನಮ್ಮ ಲೇಸರ್ ಪ್ರಿಂಟರಿಗೆ ಮಗಳು ಎರಡು ರವಿವಾರ ಗುದ್ದಾಡಿದ್ಲು, ಬಗ್ಗಲಿಲ್ಲ. ಎಷ್ಟೋ ಪ್ರಿಂಟರ್ ಚುಚ್ಚಿದ ಕೂಡ್ಲೇ ನಡೀತಾವಂತ, ನಮ್ಮದು ಆ ಪೈಕಿ ಅಲ್ಲ. ಪ್ರಿಂಟ್ ತಗೀಬೇಕಾದ್ರ ನಾ ವಿಂಡೋಸಿಗೆ ಹೋಗ್ತೀನಿ, ಮಹಿಳಾ ಮಂಡಳದ ಪಾವತಿ ತಗದು ಬರ್ತೀನಿ. ಆ ಕಡೆ ಇಂಟರ್ನೆಟ್ ಹಚ್ಚಂಗಿಲ್ಲ. ಅಪ್‌ಡೇಟ್ ಇಲ್ಲದ ಮನ್ಯಾಗ ಬ್ಯಾಂಕಿನ ಪಾಸ್‌ವರ್ಡ್ ಒತ್ತೂದು ಅಂದ್ರ ಕದಾ ತಗದು ಬಂಗಾರ ತೊಳದಂಗ. ಬ್ಯಾಂಕು, ಕರೆಂಟ್ ಬಿಲ್ಲು, ಗ್ಯಾಸು ಎಲ್ಲಾ ಪುದೀನಾದ ಕಡೆ. ಅಲ್ಲಿ ಅಪ್‌ಡೇಟ್ ಇನ್ನೂ ಬರ್ತಾವ, 2029ರ ತನಕ ಕೊಡ್ತೀವಿ ಅಂದಾರ.

ಕನ್ನಡ ಟೈಪಿಂಗಿನ ಬಗ್ಗೆ ನನಗ ಭಾಳ ಸಂಶಯ ಇತ್ತು. ಬೆರಳಿಗೆ ನುಡಿ ರೂಢಿ ಆಗೇದ, ಈ ವಯಸ್ಸಿನ್ಯಾಗ ಹೊಸದು ಕಲೀಲಿಕ್ಕೆ ಯಾರು ಕೂಡ್ತಾರ? ಆದ್ರ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣಿ, ಕನ್ನಡ ಗಣಕ ಪರಿಷತ್ತಿನವರು ನುಡಿಯೊಳಗ ಇಟ್ಟದ್ದು, ಅದ ಇಲ್ಲೂ ಅದ. ಕಗಪ ಅಂತನ ಪಟ್ಟಿಯೊಳಗ ಹೆಸರು ಬರ್ತದ. ಅಕ್ಷರದ ಫಾಂಟಿಗೆ ಗುಬ್ಬಿ, ನವಿಲು ಅಂತ ಎರಡು ಹಕ್ಕಿ ಹೆಸರಿನವು ಪುಗಸಟ್ಟೆ ಸಿಗ್ತಾವ. ನನಗ ನವಿಲು ಸೇರ್ತದ. ಮೆನು ಸೈತ ಕನ್ನಡ ಮಾಡಕೊಬಹುದು. ಎರಡು ದಿನ ಮಾಡಿದ್ದೆ. ಫೈಲಿಗೆ 'ಕಡತ' ಅಂತ ನೋಡಿ ನೋಡಿ ತಹಶೀಲ್ದಾರ ಕಚೇರ್ಯಾಗ ಕೂತಂಗ ಆತು, ತಿರುಗಿ ಇಂಗ್ಲಿಷ್ ಮಾಡಕೊಂಡೆ. ಅತ್ತಿಯವರಿಗೆ ಬೇಕಾದ ಕನ್ನಡ ಅದಲ್ಲ.

ಹಾಡಿಗೆ ಬರ್ತೀನಿ. ನುಡಿ ಫಾಂಟಿನ ಕಡತ ಲಿನಕ್ಸಿಗೆ ಕಾಪಿ ಮಾಡಿದ ಮ್ಯಾಲೆ ಲಿಬ್ರೆ ಆಫೀಸಿನ್ಯಾಗ ಹಾಡು ಕಂಡುವು. ಆದ್ರ 'ಗೌರಿ' ಅಂತ ಹುಡುಕಿದ್ರ ಒಂದೂ ಸಿಗ್ಲಿಲ್ಲ. ನಾ ಹೇಳಿದೆನಲ್ಲ, ಒಳಗ ಇರೂದು ಕನ್ನಡ ಅಲ್ಲ. ಅದಕ್ಕ ಯುನಿಕೋಡಿಗೆ ಬದಲಿ ಮಾಡೂದು ಅನಿವಾರ್ಯ. ಕನ್ನಡದ ಹುಡುಗರು ಸ್ವಂತ ಆಸಕ್ತಿಲೆ ಪರಿವರ್ತಕ ಮಾಡಿಟ್ಟಾರ. ಒಂದು ಕಡೆ ಹಳೇದು ಸುರುವಿದ್ರ ಇನ್ನೊಂದು ಕಡೆ ಹೊಸಾದು ಬರ್ತದ. ಬಂದದ್ದನ್ನ ಕಣ್ಣ ಮುಚ್ಚಿ ನಂಬಬಾರದು. ಹೆಚ್ಚಿನ ತ್ರಾಸ ಅರ್ಕಾವತ್ತಿಂದು. 'ಸೂರ್ಯ' ಅಂತ ಬರದ್ರ ಕಣ್ಣಿಗೆ ಮೊದಲ 'ಯ' ಕಾಣ್ತದ, ಆಮ್ಯಾಲೆ ಅರ್ಕಾವತ್ತು. ಬಾಯಿಲೆ ಅನ್ನೂವಾಗ ಮೊದಲ 'ರ್' ಬರ್ತದ, ಆಮ್ಯಾಲೆ 'ಯ'. ಹಳೇ ನುಡಿ ಕಣ್ಣಿಗೆ ಕಂಡ ಕ್ರಮದಾಗ ಇಡ್ತಿತ್ತು, ಯುನಿಕೋಡ್ ಬಾಯಿಲೆ ಅಂದ ಕ್ರಮದಾಗ ಇಡ್ತದ. ಇದನ್ನ ಮಗಳು ತಿಳಿಸಿ ಹೇಳಿದಾಗ ನಾ ಒಂದು ಗಳಿಗಿ ಸುಮ್ಮನ ಕೂತೆ. ಅತ್ತಿಯವರು ಅಕ್ಷರ ಕಂಡವರಲ್ಲ, ಬಾಯಿಲೆ ಅಂದವರು.

ಹಂಗಂತ ಒಂದೊಂದು ಹಾಡೂ ನಾ ಈಗ ದನಿ ತಗದು ಓದಿ ನೋಡ್ತೀನಿ. ಮನಸಿನ್ಯಾಗ ಓದಿದ್ರ ತಪ್ಪು ಸಿಗಂಗಿಲ್ಲ. ಹಾಡಿ ನೋಡಿದ್ರ ಸಿಗ್ತದ, ಧಾಟಿ ಎಡವಿದಲ್ಲಿ ಅಕ್ಷರನೂ ಎಡವಿರ್ತದ. ಸಂಶಯ ಬಂದಾಗ ವಿಂಡೋಸಿಗೆ ಹೋಗಿ, ಹಳೇ ನುಡಿಯೊಳಗ ಅವತ್ತು ಟೈಪ್ ಮಾಡಿದ್ದನ್ನ ತಗದು ತಾಳಿ ನೋಡ್ತೀನಿ. ಒಂದು ಬೀಸೂಕಲ್ಲಿನ ಹಾಡಿಗಂತೂ ಮೂರು ಸಲ ಅತ್ತಾಗ ಇತ್ತಾಗ ಓಡ್ಯಾಡಿದೆ. ಹೊತ್ತು ಹಿಡೀತದ, ಹಿಡೀಲಿ. ಅವರು ಹೇಳ್ಲಿಕ್ಕೇ ಮೂರು ವರ್ಷ ತಗೊಂಡಾರ.

ಇಲ್ಲಿತನಕ 31 ಆಗ್ಯಾವ. ಮೊದಲನೇದು ತೊಟ್ಟಲ ಹಾಡು ಆರಿಸಿ ಪುಣೆಕ್ಕ ಕಳಸಿದೆ, ಮಗಳ ಫೋನಿನ್ಯಾಗ ಒಂದೂ ಪೌಂಡ್ ಇಲ್ಲದ ತಗೀತು. ಹುಡುಕಿದ್ರ 'ಗೌರಿ' ನಾಲ್ಕು ಹಾಡಿನ್ಯಾಗ ಸಿಗ್ತಾಳ. ಉಳದ 62ರಾಗ ಸೋಬಾನದ ಪದಾ ಅರ್ಧಕ್ಕರ್ಧ. ಅವರ ಧಾಟಿ ನನಗಿಂತ ನೆಗೆಣ್ಣಿಗೆ ಛಲೋ ನೆನಪದ. ಅದಕ್ಕ ನೆಗೆಣ್ಣಿ, ಮುಂದಿನ ಶುಕ್ರವಾರ ಮಧ್ಯಾಹ್ನ ಊಟಕ್ಕ ಇಲ್ಲೇ ಬರ್ರಿ. ಬರೂವಾಗ ಆ ಪೆನ್ ಡ್ರೈವ್ ಮರೀದ ತರ್ರಿ, ಹೊಸಾ 31 ಅದಕ್ಕೂ ಹಾಕಿ ಕೊಡ್ತೀನಿ.